ಮೋತಿಯನ್ನು ಮಂದೆ ಹಾಯಿಸಿದ್ದು

ಪೆಟ್ರೋಲು ಯುದ್ಧಕ್ಕೆ ಹೋಗಿ ನಮ್ಮ ಪಾಲಿಗೆ ಇದ್ದಿಲು ಉಳಿದಿದ್ದ ಕಾಲ. ಸಿರಾದಿಂದ ಮಧುಗಿರಿಗೆ ಹೋಗುವ ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಒಲೆ ಕೂತಿತ್ತು. ಅದಕ್ಕೆ ಇದ್ದಿಲು ತುಂಬಿ, ಗಾಳಿ ಹಾಕಿ, ಗ್ಯಾಸು ಏಳುವವರೆಗೆ ಪ್ರಯಾಣಿಕರೆಲ್ಲ ಹುಣಿಸೇಮರದ ಕೆಳಗೆ ಕೂತು ಕಡಲೇಕಾಯಿ ಸುಲಿಯುತ್ತಿದ್ದೆವು. ನಾನು ಕಂಬಳಿ ವ್ಯಾಪಾರದವನು, ಕಾಯುವುದು ನನಗೆ ಹೊಸದಲ್ಲ. ಆದರೆ ಆ ದಿನ ತಾಳ್ಮೆ ಇರಲಿಲ್ಲ. ಚನ್ನರಾಯನದುರ್ಗದ ಕೆಳಗಿರುವ ಅಕ್ಕನ ಮನೆಯಿಂದ ಹಿಂದಿನ ಸಂಜೆ ಆಳು ಬಂದು, "ಅಮ್ಮಾವ್ರು ಹೇಳವ್ರೆ, ನೀವು ಬಿರ್ರನೆ ಬರಬೇಕಂತೆ. ಮೋತೀನ ಬುದ್ಧಿಯೋರು ಗುಂಡಿಕ್ಕಿ ಹೊಡೆದುಬುಡ್ತಾರಂತೆ" ಎಂದು ಹೇಳಿ ಹೋಗಿದ್ದ.

ಮೋತಿ ಅಕ್ಕನ ನಾಯಿ. ಬುದ್ಧಿಯೋರು ಅಂದರೆ ನನ್ನ ಭಾವ.

ಮಧುಗಿರಿಗೆ ಇಪ್ಪತ್ತೈದು ಮೈಲಿ ಇರಬಹುದು, ಹತ್ತಾಣೆ ಕೊಟ್ಟೆ. ಏರು ಬಂದಲ್ಲೆಲ್ಲ ಡ್ರೈವರು ಸಾಬರು ಕುತ್ತಿಗೆ ಹೊರಗೆ ಹಾಕಿ, "ಉತರೋ ಸಾವ್ಕಾರ್ರೆ, ಇಳಿದು ಸ್ವಲ್ಪ ನಡೀರಿ, ಗಾಡಿಗೆ ದಮ್ ಇಲ್ಲ" ಎನ್ನುತ್ತಿದ್ದರು. ಹತ್ತಾಣೆ ಕೊಟ್ಟದ್ದು ಕೂರುವುದಕ್ಕೋ ನಡೆಯುವುದಕ್ಕೋ ಎಂದು ಕೇಳಿದೆ. "ಎರಡಕ್ಕೂ" ಎಂದರು. ಮಧುಗಿರಿಯಲ್ಲಿ ಇಳಿದಾಗ ಬೆಟ್ಟದ ಬಂಡೆ ಕಾದು ಊರಿಗೆಲ್ಲ ಝಳ ಹೊಡೆಯುತ್ತಿತ್ತು. ಪುಷ್ಯಮಾಸ, ಬೆಳಗ್ಗೆ ಹಲ್ಲು ಕಟಕಟಿಸುವ ಚಳಿ, ಮಧ್ಯಾಹ್ನ ಈ ಬಿಸಿಲು. ಹೋಟೆಲಿನಲ್ಲಿ ಇಡ್ಲಿ ತಿಂದು ಕೊರಟಗೆರೆಯ ಬಸ್ಸು ಹಿಡಿದೆ. ದಾರಿಯಲ್ಲಿ ದುರ್ಗದ ಬೆಟ್ಟ ಕಾಣುವ ತಿರುವಿನಲ್ಲಿ ಭಾವನ ಕಮಾನುಬಂಡಿ ಕಾಯುತ್ತಿತ್ತು.

ನನ್ನ ಭಾವ ಜೋಡಿದಾರರು. ಅಂದರೆ ಹಳೆಯ ಕಾಲದಲ್ಲಿ ಅವರ ಹಿರಿಯರಿಗೆ ಬಂದ ಒಂದು ಇಡೀ ಗ್ರಾಮ ಅವರದು, ಸರ್ಕಾರಕ್ಕೆ ಅರ್ಧ ಕಂದಾಯ ಕಟ್ಟಿಕೊಂಡು ಅನುಭವಿಸುತ್ತಾರೆ. ಹೊಲ ಗದ್ದೆ ಸರಿ, ಅದರ ಜೊತೆಗೆ ಬೆಟ್ಟದ ಬುಡದವರೆಗೆ ತೋಪು, ಹುಲ್ಲುಗಾವಲು, ಕಾಡು. ಒಮ್ಮೆ ಬೆಂಗಳೂರಿಗೆ ಹೋಗಿ ದೊರೆಗಳ ಪಾರ್ಕು ನೋಡಿ ಬಂದವರು, ತಮ್ಮ ಮನೆಯ ಮುಂದೂ ಅಂಥದ್ದೇ ಆಗಬೇಕು ಅಂತ ಹಠ ಹಿಡಿದು ಕಲ್ಲುಬೆಂಚು ಹಾಕಿಸಿ, ಸಾಲಾಗಿ ಗುಲ್‌ಮೊಹರ್ ನೆಡಿಸಿ, ಹಸಿರು ಹಾಸು ಬೆಳೆಸಿದ್ದರು. ಹಾಸನ್ನು ಅಗಸರ ಕತ್ತೆಗಳು ಮೇಯ್ದು ಮುಗಿಸಿದವು. ಬೆಂಚಿನ ಮೇಲೆ ಅಕ್ಕ ಸಂಡಿಗೆ ಒಣಗಿಸುತ್ತಾಳೆ.

ಬಂಡಿಯಿಂದ ಕಾಲು ಕೆಳಗಿಡುವ ಮೊದಲೇ ಅಕ್ಕ ಶುರು ಮಾಡಿದಳು. "ನೋಡೋ ರುದ್ರಪ್ಪ, ನಮ್ಮ ಮನೇಲಿ ಮಾಂಸ ಬೇಯಿಸೋ ಪಾತ್ರೆ ಇಲ್ಲ. ಮೊಸರನ್ನ ತಿಂದು ಬೆಳೆದ ನಾಯಿ. ಅದು ಕುರಿಮರಿ ಕೊಲ್ಲುತ್ತೇನೋ?"

"ಅದಕ್ಕೂ ದೀಕ್ಷೆ ಕೊಡಿಸಿದ್ದೀಯೇನಕ್ಕಾ?" ಎಂದೆ.

"ನಿನಗೆ ತಮಾಷೆ. ಮಗಳು ಗಂಡನ ಮನೆಗೆ ಹೋಗೋವಾಗ ನನ್ನ ಮಡಿಲಿಗೆ ಹಾಕಿ ಹೋದಳು. ಈ ಮನೇಲಿ ನನ್ನ ಮಾತು ಕೇಳೋದು ಅದೊಂದೇ." ಅಕ್ಕನ ಕಣ್ಣು ತುಂಬಿತು. ನಾನು ನಗುವುದನ್ನು ನಿಲ್ಲಿಸಿದೆ.

ವಿಷಯ ಹೀಗಿತ್ತು. ಸುಗ್ಗಿ ಮುಗಿದ ಮೇಲೆ ಪಾವಗಡದ ಕಡೆಯ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಈ ಕಡೆ ಬರುತ್ತಾರೆ. ಹೊಲದಲ್ಲಿ ಕುರಿ ತಂಗಿದರೆ ಗೊಬ್ಬರ, ಹಾಗಾಗಿ ಭಾವನೇ ಅವರನ್ನು ಕರೆದು ಇಳಿಸಿಕೊಳ್ಳುವುದು. ಆ ವರ್ಷ ಬಂದಿದ್ದವನು ಓಬಳಪ್ಪ, ಜೊತೆಗೆ ಅವನ ಹೆಂಡತಿ ನಾಗಕ್ಕ. ಬಂದು ವಾರ ಕಳೆಯುವುದರೊಳಗೆ ಅವರ ಮರಿಗಳು ಒಂದಾದ ಮೇಲೊಂದು ಕುತ್ತಿಗೆ ಹರಿದು ಸತ್ತವು. ಅದೇ ಹೊತ್ತಿಗೆ ಮೋತಿ ಒಂದು ಮರಿಯ ಕಾಲು ಕಚ್ಚಿಕೊಂಡು ಹಿತ್ತಲಿಗೆ ಬಂತು, ಹಿಂದೆಯೇ ಹೆಜ್ಜೆ ಹಿಡಿದು ಓಬಳಪ್ಪನೂ ಬಂದ. ಭಾವನಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ನಾಯಿ ಅಂತ ತೀರ್ಮಾನ ಆದರೆ ಇದೇ ಕೋವಿಯಿಂದ ನಿನ್ನ ಕಣ್ಣೆದುರಿಗೇ ಹೊಡೀತೀನಿ" ಎಂದುಬಿಟ್ಟರು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಮಾಡಿದ್ರಲ್ಲ ಭಾವ. ಮರಿ ಬೆಲೆ ಕೊಟ್ಟು ಕೈ ತೊಳೆದುಕೊಳ್ಳಬಾರದಿತ್ತೇ?"

"ಕೊಡ್ತೀನಿ ಅಂದೆನಪ್ಪ. ಬೇಡ ಅಂದ. ದುಡ್ಡು ಬಂದ್ರೂ ಆ ನಾಯಿ ಇಲ್ಲೇ ಇರ್ತದಲ್ಲ ಬುದ್ಧಿ, ಮಂದೆ ಹಾಯಿಸಿ ನೋಡುವಾ ಅಂದ."

ಮಂದೆ ಹಾಯಿಸುವುದು ಕುರಿಗಾಹಿಗಳ ನ್ಯಾಯ. ಅನುಮಾನ ಬಂದ ನಾಯಿಯನ್ನು ಹಗ್ಗ ಹಿಡಿದು ಮೇಯುವ ಮಂದೆಯ ನಡುವೆ ನಡೆಸುತ್ತಾರೆ. ಕೊಂದ ನಾಯಿಯಾದರೆ ಕುರಿ ಚದುರಿ ಓಡುತ್ತವೆ, ಅಲ್ಲವಾದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವೆ. ಹಗ್ಗ ಹಿಡಿಯುವವನು ಆ ನಾಯಿಗೆ ಅನ್ನ ಹಾಕಿದವನಾಗಬಾರದು, ಅನ್ನ ಹಾಕಿದವನ ಕೈಯಲ್ಲಿ ನಾಯಿ ಸಾಧು ಆಗಿಬಿಡುತ್ತದೆ ಅಂತ. ಅದಕ್ಕೇ ನನಗೆ ಕರೆ ಬಂದದ್ದು. ಕಂಬಳಿ ಕೊಳ್ಳಲು ಹಟ್ಟಿಗಳಿಗೆ ತಿರುಗುವವನಾದ್ದರಿಂದ ಓಬಳಪ್ಪನಿಗೂ ನನ್ನ ಮುಖದ ಪರಿಚಯವಿತ್ತು.

"ಅಕ್ಕಾ, ನಾಳೆ ಹೋಳಿಗೆಗೆ ಹೂರಣ ರುಬ್ಬು. ಊಟದ ಹೊತ್ತಿಗೆ ನಿನ್ನ ಮಗನನ್ನು ಕರ್ಕೊಂಡು ಬರ್ತೀನಿ" ಎಂದೆ. ಸಂತೆಯಲ್ಲಿ ಎಂಥೆಂಥವರನ್ನೋ ಒಪ್ಪಿಸಿದ ನಾಲಿಗೆ ನನ್ನದು. ಒಬ್ಬ ಕುರಿಗಾಹಿಯನ್ನು ಒಪ್ಪಿಸಲಾರೆನೇ ಎಂಬ ಧೈರ್ಯವಿತ್ತು.

ಮರುದಿನ ಬೆಳಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ಗಟ್ಟಿಚಟ್ನಿ ತಿಂದು ಹೊರಟೆವು. ನನ್ನ ಕೈಯಲ್ಲಿ ಮೋತಿಯ ಹಗ್ಗ, ಹಿಂದೆ ಭುಜದ ಮೇಲೆ ಕೋವಿ ಹೊತ್ತ ಭಾವ. ಮೋತಿ ಉದ್ದ ಕಾಲಿನ, ಬಡಕಲು ಸೊಂಟದ ಕಂದು ನಾಯಿ. ಅಕ್ಕ ಅದರ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದಳು. ಅದು ಮೂಗಿನವರೆಗೆ ನಾಲಿಗೆ ಚಾಚಿ ನೆಕ್ಕಲು ನೋಡುತ್ತಿತ್ತು.

ಗುಲ್‌ಮೊಹರ್ ಸಾಲು ದಾಟಿದರೆ ಮಾವಿನ ತೋಪು. ಮರಗಳು ಹೂವಿಗೆ ಸಿದ್ಧವಾಗುತ್ತಿದ್ದವು, ಎಲೆಯ ಕೆಳಗೆ ಮಂಜು ಇನ್ನೂ ತೊಟ್ಟಿಕ್ಕುತ್ತಿತ್ತು. ಮೋತಿ ಪ್ರತಿ ಮರಕ್ಕೂ ನಿಂತು ಮೂಸಿ ಕಾಲೆತ್ತಿತು. ಮೊದಮೊದಲು ನಾನೂ ನಿಂತೆ. ಆಮೇಲೆ, "ನಡೆಯೋ, ತೋಪಿನ ಮರಗಳನ್ನೆಲ್ಲ ಸರ್ವೆ ಮಾಡೋ ಕೆಲಸ ನಿನಗ್ಯಾರು ಕೊಟ್ಟರು?" ಎಂದು ಎಳೆದೆ. ಅದು ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿತು. ಪಾಪ, ತಾನು ವಾಯುವಿಹಾರಕ್ಕೆ ಹೊರಟಿದ್ದೇನೆ ಅಂದುಕೊಂಡಿತ್ತು.

ತೋಪಿನಾಚೆ ಒಂದು ಸಣ್ಣ ಕಟ್ಟೆ. ನೀರು ಅರ್ಧಕ್ಕೆ ಇಳಿದಿತ್ತು, ಕೊಕ್ಕರೆಗಳು ಕೆಸರಿನಲ್ಲಿ ನಿಂತಿದ್ದವು. ಅಲ್ಲಿ ಕಾಲು ತೊಳೆಯುತ್ತಾ ಭಾವ ಇದ್ದಕ್ಕಿದ್ದಂತೆ, "ನಾನು ಇದನ್ನ ಹೊಡೆದರೆ ನಿಮ್ಮಕ್ಕ ನನಗೆ ಊಟ ಬಡಿಸ್ತಾಳೆ ಕಣಯ್ಯಾ, ಮಾತಾಡಲ್ಲ" ಎಂದರು.

"ಹಾಗಾದ್ರೆ ಹೊಡೀಬೇಡಿ."

"ಆಡಿದ ಮಾತು ಏನಾಗಬೇಕು? ಮಾತಿಗೆ ತಪ್ಪಿದವನ ಹೊಲದಲ್ಲಿ ಮುಂದಿನ ವರ್ಷ ಯಾರು ಮಂದೆ ಇಳಿಸ್ತಾರೆ?" ಅವರ ಮುಖ ಸಣ್ಣದಾಗಿತ್ತು. ಮೋತಿ ನೀರು ಕುಡಿದು ಬಂದು ಅವರ ಪಂಚೆಗೆ ಮೂತಿ ಒರೆಸಿತು, ಅವರು ಬೈಯಲಿಲ್ಲ.

ಕಟ್ಟೆ ಏರಿದರೆ ಹುಲ್ಲುಗಾವಲು. ಮೊಣಕಾಲೆತ್ತರದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಮುತ್ತುಗ. ದೂರದಲ್ಲಿ ಕೃಷ್ಣಮೃಗಗಳ ಹಿಂಡು. ಕೊಂಬು ತಿರುಚಿಕೊಂಡ ಒಂದು ಕಪ್ಪು ಗಂಡು, ಸುತ್ತ ಹೆಣ್ಣುಗಳು. ಎಂಥ ಚೆಂದ ಎಂದು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಮೋತಿ ಹಾರಿತು. ಹಗ್ಗ ಕೈಗೆ ಸುತ್ತಿಕೊಂಡಿದ್ದೆನಲ್ಲ, ಜೊತೆಗೆ ನಾನೂ ಹಾರಿದೆ. ಹುಲ್ಲಿನಲ್ಲಿ ನನ್ನನ್ನು ದರದರ ಎಳೆದುಕೊಂಡು ಹೋಗಿ ಒಂದು ಜಾಲಿಗಿಡಕ್ಕೆ ಸಿಕ್ಕಿಸಿದ ಮೇಲೆ ನಿಂತಿತು. ಪಂಚೆ ಹರಿಯಿತು, ಮೊಣಕೈ ತರಚಿತು. ಭಾವ ಎಬ್ಬಿಸಿದರು. "ಮೊಸರನ್ನ ತಿಂದ ನಾಯಿ ಅಂತಾಳೆ ನಿಮ್ಮಕ್ಕ" ಎಂದರು. ನನ್ನ ಧೈರ್ಯ ಅಲ್ಲಿ ಮೊದಲ ಸಲ ಸ್ವಲ್ಪ ಅಳ್ಳಾಡಿತು. ಈ ರಭಸದ ನಾಯಿ ಮರಿಯನ್ನು ಬಿಟ್ಟೀತೇ ಎಂಬ ಸಂಶಯ ನನಗೂ ಬಂತು, ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಕಾಡು. ದೊಡ್ಡ ಕಾಡೇನಲ್ಲ, ಬೆಟ್ಟದ ಬುಡಕ್ಕೆ ಅಂಟಿಕೊಂಡ ಕಮರ, ಕಕ್ಕೆ, ಸೀತಾಫಲದ ಮೆಳೆ. ಬಂಡೆಗಳ ನಡುವೆ ಒಬ್ಬರೇ ಹಿಡಿಸುವ ಕಾಲುದಾರಿ. ಮೇಲೆ ದುರ್ಗದ ಕೋಟೆಗೋಡೆ ಬಿಸಿಲಿಗೆ ಕೆಂಪಾಗಿತ್ತು. ನೆರಳಿನಲ್ಲಿ ಮೋತಿ ತಣ್ಣಗಾಗಿ ನನ್ನ ಕಾಲಿಗೆ ಮೈ ತಾಗಿಸಿಕೊಂಡು ನಡೆಯಿತು. ಒಂದು ಮೊಲ ಅಡ್ಡ ಹಾಯ್ದರೂ ಬೆನ್ನಟ್ಟದೆ ನನ್ನ ಮುಖವನ್ನೇ ನೋಡಿತು. ಜಾಲಿಯಿಂದ ಬಿಡಿಸಿದ್ದಕ್ಕೋ ಏನೋ, ನನ್ನನ್ನು ತನ್ನವನೆಂದು ಎಣಿಸಿತ್ತು. ನಾಯಿಗಳೆಂದರೆ ನನಗೆ ಅಷ್ಟಕ್ಕಷ್ಟೆ, ಆದರೂ ಅದರ ತಲೆ ಸವರಿದೆ.

ಕಾಡು ಮುಗಿಯುವಲ್ಲಿ ಕೊಯ್ದ ಹೊಲ, ಹೊಲದ ತುಂಬ ಓಬಳಪ್ಪನ ಮಂದೆ. ಒಂದು ಬದಿಗೆ ಜಾಲಿಮುಳ್ಳಿನ ಬೇಲಿ ಕಟ್ಟಿದ ರೊಪ್ಪ. ಮೇಯಲಾರದ ಎಳೆಮರಿಗಳನ್ನು ಹಗಲೆಲ್ಲ ಅದರೊಳಗೆ ಬಿಟ್ಟಿರುತ್ತಾರೆ. ರೊಪ್ಪದ ಬಾಗಿಲಲ್ಲಿ ಒಂದು ದಪ್ಪ ಕುತ್ತಿಗೆಯ ಕರಿನಾಯಿ ಕೂತಿತ್ತು. ನಾಗಕ್ಕ ಮೂರು ಕಲ್ಲಿನ ಒಲೆಯ ಮೇಲೆ ಹಿಟ್ಟು ತೊಳಸುತ್ತಿದ್ದಳು.

ಓಬಳಪ್ಪ ಕಂಬಳಿ ಕೊಪ್ಪೆ ಸರಿಸಿ ಕೈಮುಗಿದ. "ಬನ್ನಿ ಸಾಮಿ. ನಾನು ನಿಮ್ ನಾಯಿ ಮ್ಯಾಲೆ ಹಗೆ ಇಟ್ಕಂಡಿಲ್ಲ. ಕುರಿ ಏನ್ ಹೇಳ್ತವೋ ಅದೇ."

ಹಗ್ಗ ಹಿಡಿದು ಮಂದೆಯೊಳಕ್ಕೆ ಹೆಜ್ಜೆ ಇಟ್ಟೆ. ಮುಂದಿನ ಕುರಿಗಳು ತಲೆ ಎತ್ತಿದವು, ನೋಡಿದವು. ಹತ್ತು ಮಾರು ಹೋಗಿರಲಿಲ್ಲ, ಒಂದು ದೊಡ್ಡ ಟಗರು ಕಾಲು ನೆಲಕ್ಕೆ ಬಡಿದು ಮೋತಿಯ ಮೇಲೇರಿ ಬಂತು. ಮೋತಿ ಬೊಗಳಿತು. ಅಷ್ಟೇ, ಮಂದೆ ಎರಡು ಹೋಳಾಗಿ ದೂಳೆಬ್ಬಿಸಿಕೊಂಡು ಓಡಿತು.

"ಚೂಡಂಡಿ ಸಾಮಿ!" ಓಬಳಪ್ಪ ಕೈ ಚಾಚಿ ತೋರಿಸಿದ. "ಇನ್ನೇನ್ ಬೇಕು, ಕಣ್ಣಾರೆ ಕಂಡ್ರಲ್ಲಾ?"

ಭಾವ ಭುಜದಿಂದ ಕೋವಿ ಇಳಿಸಿದರು. ಜೇಬಿನಿಂದ ತೋಟಾ ತೆಗೆದರು, ಅದು ಕೈ ಜಾರಿ ಮಣ್ಣಿಗೆ ಬಿತ್ತು. ಮೋತಿ ಅದನ್ನು ಮೂಸಿ ನೋಡಿತು. ನನಗೆ ಎಲ್ಲಿಲ್ಲದ ಕೋಪ ಬಂತು.

"ನಿಲ್ಲಿ ಭಾವ! ಓಬಳಪ್ಪ, ಸತ್ತಿದ್ದು ಕುರಿಯೋ ಮರಿಯೋ?"

"ಮರಿ ಸಾಮಿ."

"ಎಲ್ಲಿ ಸತ್ತದ್ದು?"

"ರೊಪ್ಪದಾಗೇಯ."

"ಆಗ ಈ ಕುರಿಗಳು ಎಲ್ಲಿದ್ದವು?"

"ಮೇಯಾಕೆ ಹೋಗಿದ್ವು, ನನ್ ಜೊತ್ಯಾಗೆ."

"ಹಾಗಾದ್ರೆ ಇವೇನು ಕಂಡವು, ಮಣ್ಣು! ಊರಲ್ಲೇ ಇಲ್ಲದವರನ್ನ ಸಾಕ್ಷಿಗೆ ಕರ್ಕೊಂಡು ಬಂದಿದ್ದೀಯಲ್ಲಪ್ಪ. ಕಂಡಿದ್ದು ಮರಿಗಳು. ಕೇಳೋದಾದ್ರೆ ಅವನ್ನ ಕೇಳು."

ಓಬಳಪ್ಪ ಹೆಂಡತಿಯ ಕಡೆ ನೋಡಿದ. ನಾಗಕ್ಕ ತೊಳಸುವ ಕೋಲು ಕೆಳಗಿಟ್ಟು, "ಸಾವ್ಕಾರ್ರು ಅನ್ನಾದು ದಿಟ ಕಣಯ್ಯಾ" ಎಂದಳು. "ಮರಿ ಹತ್ರಾನೇ ಬುಟ್ಟು ನೋಡುವಾ, ಬನ್ನಿ."

ರೊಪ್ಪದ ಮುಳ್ಳುಬಾಗಿಲು ಸರಿಸಿ ನನ್ನನ್ನೂ ಮೋತಿಯನ್ನೂ ಒಳಗೆ ಬಿಟ್ಟರು. ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡೆ. ಮರಿಗಳು ಒಂದು ಕ್ಷಣ ಪಿಳಿಪಿಳಿ ನೋಡಿದವು. ಒಂದು ಬಿಳಿಮರಿ ಧೈರ್ಯ ಮಾಡಿ ಬಂದು ಮೋತಿಯ ಹೊಟ್ಟೆ ಕೆಳಗೆ ಮೂತಿ ತೂರಿಸಿ ಹಾಲು ಹುಡುಕಿತು. ಹಿಂದೆಯೇ ಇನ್ನೆರಡು ಬಂದವು. ಮೋತಿಗೆ ಕಚಗುಳಿ ಆಯಿತೇನೋ, ತಟಕ್ಕನೆ ನೆಲಕ್ಕೆ ಕೂತು ನನ್ನ ಮುಖ ನೋಡಿತು. ಭಾವ ಬೇಲಿಯಾಚೆ ಗಟ್ಟಿಯಾಗಿ ನಕ್ಕರು. ಆ ನಗುವಿನಲ್ಲಿ ಅಳುವೂ ಇತ್ತು. "ಗೆದ್ದೆ!" ಎಂದೆ ನಾನು. ಸಂತೆಯಲ್ಲಿ ಒಳ್ಳೆಯ ವ್ಯಾಪಾರ ಕುದುರಿದಾಗಲೂ ಅಷ್ಟು ಜೋರಾಗಿ ಕೂಗಿದವನಲ್ಲ.

ಬಾಗಿಲು ತೆರೆದೇ ಇತ್ತು. ನಾಗಕ್ಕ ಒಳಗೆ ಬಂದಳು, ದಿನದ ರೂಢಿಯಂತೆ ಅವಳ ಹಿಂದೆ ಕರಿನಾಯಿಯೂ ಬಂತು.

ಮರಿಗಳೆಲ್ಲ ಒಂದೇ ಸಲ ಕಿರುಚಿದವು. ಮೋತಿಯ ಹೊಟ್ಟೆಯ ಕೆಳಗಿದ್ದವು ನನ್ನ ಕಾಲ ಸಂದಿಯಲ್ಲಿ ನುಗ್ಗಿ ಓಡಿದವು. ದೂರದ ಮೂಲೆಯಲ್ಲಿ ಒಂದರ ಮೇಲೊಂದು ಏರಿ, ಮುಳ್ಳು ಚುಚ್ಚಿದರೂ ಬೇಲಿಗೆ ಒತ್ತಿಕೊಂಡವು. ಕರಿನಾಯಿ ಬಾಗಿಲಲ್ಲೇ ನಿಂತು ಬಾಲ ಇಳಿಬಿಟ್ಟಿತು.

ನಾಗಕ್ಕ, "ಅಯ್ಯೋ ದೇವುಡಾ" ಎಂದಳು. "ವಾರದಿಂದ ಇವು ಇಂಗೇ ಮೂಲೆ ಸೇರ್ಕಂತಿದ್ವು. ಚಳಿಗೆ ಅಂದ್ಕಂಡಿದ್ನಲ್ಲಾ. ನೀರಿಗೆ ಹೋಗಾವಾಗ ಇದನ್ನೇ ಕಾವಲಿಗೆ ಬುಟ್ಟು ಹೋಗ್ತಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಓಬಳಪ್ಪ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಇಲ್ಲಿಗೆ ಬರುವ ದಾರಿಯಲ್ಲಿ ಚಳಿಗೆ ಒಂದು ಮರಿ ತಾನಾಗಿ ಸತ್ತಿತ್ತಂತೆ. ಸತ್ತ ಮರಿಯನ್ನು ಹೂಳಬೇಕು, ನಾಯಿಗೆ ಹಸಿಯಾಗಿ ಹಾಕಬಾರದು ಎಂಬುದು ಅವರ ಕಟ್ಟು. "ನೆಲ ಬಂಡೆ ಇತ್ತು ಸಾಮಿ, ಅಗೆಯಾಕೆ ಬೇಜಾರಾಗಿ ಇದರ ಮುಂದೆ ಹಾಕ್ಬುಟ್ಟೆ. ರುಚಿ ಹತ್ಸಿದೋನು ನಾನೇ" ಎಂದ. ಮೋತಿ ಕಚ್ಚಿಕೊಂಡು ಬಂದ ಕಾಲು ಕರಿನಾಯಿ ತಿಂದು ಬಿಟ್ಟದ್ದು ಎಂಬುದು ಈಗ ಎಲ್ಲರಿಗೂ ಗೊತ್ತಾಯಿತು.

ಅವನು ಎದ್ದು ಭಾವನ ಮುಂದೆ ಕೈ ಚಾಚಿದ. "ಕೋವಿ ಇಂಗೆ ಕೊಡಿ ಬುದ್ಧಿ. ನಿಮ್ ನಾಯಿಗೆ ಕೇಳಿದ್ ನ್ಯಾಯಾನೇ ನನ್ ನಾಯಿಗೂ."

ನಾಗಕ್ಕ ಕರಿನಾಯಿಯ ಕುತ್ತಿಗೆ ತಬ್ಬಿ ನೆಲಕ್ಕೆ ಕೂತುಬಿಟ್ಟಳು. "ನನ್ನೂ ಹೊಡಿ" ಎಂದಳು. ಭಾವ ಕೋವಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ನಾನು ಮಾತು ಕೊಟ್ಟದ್ದು ನನ್ನ ನಾಯಿ ವಿಷಯಕ್ಕೆ, ನಿನ್ನದಕ್ಕಲ್ಲ" ಎಂದರು.

"ರುಚಿ ಕಂಡಿದ್ದು ಮಂದೇಲಿ ಇರಂಗಿಲ್ಲ ಬುದ್ಧಿ. ನಾನು ಇಟ್ಕಂಡ್ರೆ ಬ್ಯಾರೆ ಮಂದೆಯೋರು ನನ್ ಪಕ್ಕ ಇಳಿಯಾಕಿಲ್ಲ."

ಗೆದ್ದೆ ಎಂದು ಕೂಗಿದ ನನಗೆ ನಾಚಿಕೆಯಾಯಿತು. ಒಬ್ಬರ ಮನೆಯ ದುಃಖ ಇನ್ನೊಬ್ಬರ ಮನೆಗೆ ಹೋಗಿತ್ತು, ಅಷ್ಟೆ. "ನನಗೆ ಕೊಡು ಓಬಳಪ್ಪ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. "ಸಿರಾದಲ್ಲಿ ನನ್ನ ಮಂಡಿ ಇದೆ. ಅಲ್ಲಿ ಕಂಬಳಿ ಇದಾವೆ, ಕುರಿ ಇಲ್ಲ. ಕಾವಲಿಗೆ ಒಂದು ನಾಯಿ ಬೇಕಿತ್ತು."

"ದೂರದ ಊರು, ಆಗಬೌದು" ಎಂದ ಓಬಳಪ್ಪ. ಕುರಿ ಉಣ್ಣೆಯ ಹಗ್ಗ ತಂದು ನಾಯಿಯ ಕುತ್ತಿಗೆಗೆ ಕಟ್ಟಿ ತುದಿಯನ್ನು ನನ್ನ ಕೈಗಿಟ್ಟ. ಅದರ ಹೆಸರೇನು ಎಂದು ಕೇಳಿದೆ. "ಹೆಸರು ಹೇಳಾಕಿಲ್ಲ ಸಾಮಿ. ಬ್ಯಾರೆ ಇಟ್ಕಳಿ. ಆ ಹೆಸರು ಕೂಗಿದ್ರೆ ನಮ್ಮನ್ನೇ ಹುಡುಕ್ತದೆ."

ಹೊರಟರೆ ಕರಿನಾಯಿ ಒಂದು ಹೆಜ್ಜೆಯೂ ಇಡಲಿಲ್ಲ. ಪುಸಲಾಯಿಸಿದೆ, ಗದರಿದೆ, ರಾಮ ಭೀಮ ಕರಿಯ ಕಾಳ ಎಂದು ನನಗೆ ಗೊತ್ತಿದ್ದ ಹೆಸರೆಲ್ಲ ಕೂಗಿದೆ. ಅದು ಓಬಳಪ್ಪನ ಕಡೆಗೇ ಮುಖ ಮಾಡಿ ಬಂಡೆಯಂತೆ ಕೂತಿತ್ತು. ಕೊನೆಗೆ ಅವನೇ ಬಂದು ಹಗ್ಗ ತೆಗೆದುಕೊಂಡ. "ರಸ್ತೆ ತಂಕ ನಾನೇ ಬತ್ತೀನಿ" ಎಂದ.

ಹೀಗೆ ಅದೇ ಕಾಡು, ಅದೇ ಹುಲ್ಲುಗಾವಲು, ಅದೇ ತೋಪಿನಲ್ಲಿ ಎರಡು ನಾಯಿ ಮೂರು ಮಂದಿ ವಾಪಸು ಬಂದೆವು. ಬೆಳಗ್ಗೆ ಚೆಂದ ಕಂಡದ್ದನ್ನು ಈಗ ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಮೋತಿ ಮಾತ್ರ ಬಿಟ್ಟು ಹೋಗಿದ್ದ ಮರಗಳನ್ನು ನೆನಪಿಟ್ಟು ಮೂಸಿತು.

ಅಕ್ಕ ಗುಲ್‌ಮೊಹರ್ ಸಾಲಿನವರೆಗೆ ಓಡಿ ಬಂದಳು. ಮೋತಿಯನ್ನು ಅಪ್ಪಿಕೊಂಡು ಅತ್ತು, ನನ್ನನ್ನು ಹೊಗಳಿ, ಆಮೇಲೆ, "ಒಂದು ನಾಯಿ ಕರ್ಕೊಂಡು ಬಾ ಅಂದ್ರೆ ಎರಡು ತಂದಿದ್ದೀಯಲ್ಲೋ!" ಎಂದು ನಕ್ಕಳು. ಭಾವ ಅವಳಿಗೆ ಸಣ್ಣ ದನಿಯಲ್ಲಿ ವಿಷಯ ಹೇಳಿದರು. ಅವಳ ನಗು ನಿಂತಿತು. ಒಳಗೆ ಹೋಗಿ ಎಲೆಯಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ ತಂದು ಓಬಳಪ್ಪನ ಮುಂದಿಟ್ಟು, "ತಿನ್ನಪ್ಪಾ, ಹಸಿದಿದ್ದೀಯ" ಎಂದಳು. ಅವನು ಎರಡನ್ನೂ ಮುರಿದು ಕರಿನಾಯಿಗೆ ತಿನ್ನಿಸಿದ. ತಾನು ಬರೀ ನೀರು ಕುಡಿದ.

ಹೊತ್ತು ಇಳಿಯುವ ಮುಂಚೆ ರಸ್ತೆಯ ತಿರುವಿಗೆ ಬಸ್ಸು ಬಂತು. ಓಬಳಪ್ಪ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಾಲಬುಡದಲ್ಲಿ ಕೂರಿಸಿ ಕೆಳಗಿಳಿದ. ಇಳಿದವನು ಹೋಗಲಿಲ್ಲ. ರಸ್ತೆಗೆ ಬೆನ್ನು ಹಾಕಿ, ಕಂಬಳಿ ಮುಸುಕೆಳೆದುಕೊಂಡು ಅಲ್ಲೇ ನಿಂತ. ಮುಂದಿನ ಸೀಟಿನ ಹೆಂಗಸು ಕಾಲು ಮೇಲೆತ್ತಿಕೊಂಡು, "ಅಯ್ಯಯ್ಯೋ, ಕಚ್ಚೀತು ಕಣಪ್ಪ, ಇಳ್ಸಿ ಅದನ್ನ" ಎಂದು ಗಲಾಟೆ ಎಬ್ಬಿಸಿದಳು. ಕಂಡಕ್ಟರು ಬಂದು, "ಯಾರದ್ರೀ ಈ ನಾಯಿ? ಹೇಳ್ರಿ, ಇಲ್ಲಾಂದ್ರೆ ಕೆಳಗೆ ತಳ್ತೀನಿ" ಎಂದ.

ಓಬಳಪ್ಪನ ಮುಸುಕು ಸ್ವಲ್ಪ ಈ ಕಡೆ ತಿರುಗಿತು. ಅವನು ಯಾತಕ್ಕೆ ಹೋಗದೆ ನಿಂತಿದ್ದ ಎಂಬುದು ನನಗೆ ಆಗ ತಿಳಿಯಿತು. ಸಂತೆಯ ದನಿ ತೆಗೆದು ಹೊರಗಿನವರಿಗೂ ಕೇಳುವ ಹಾಗೆ ಹೇಳಿದೆ:

"ನಂದು. ನನ್ನ ಮನೆ ನಾಯಿ."

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹಾಕಿ ನೋಡಿದಾಗ ಓಬಳಪ್ಪ ಆಗಲೇ ಭಾವನ ತೋಪಿನ ದಾರಿ ಹಿಡಿದು ನಡೆಯುತ್ತಿದ್ದ. ನಾಯಿ ನನ್ನ ತೊಡೆಯ ಮೇಲೆ ಮುಂಗಾಲಿಟ್ಟು ನಿಂತು, ಅವನು ಮರೆಯಾಗುವವರೆಗೆ ನನ್ನ ಜೊತೆಗೇ ನೋಡಿತು.